ಎರಡನೆಯ ಉತ್ತರ

ಮನೆ ಕಟ್ಟಿಸುವ ಯೋಚನೆಯುಳ್ಳವರ ಮಾತಿನಲ್ಲಿ "ಮೂವತ್ತು ನಲವತ್ತು" ಎಂಬ ಜೋಡಿ ಪದಗಳು ಎಷ್ಟು ಸಲ ಬರುವುವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ನಿವೇಶನವೆಂದು ಅದರ ಅರ್ಥ. ಇಂತಹ ನಿವೇಶನದ ವಿಸ್ತೀರ್ಣ 1200 ಚದರಡಿ. ಸುತ್ತಳತೆ 140 ಅಡಿ. ಇದನ್ನು ತಿಳಿಯಲು ಒಂದು ಗುಣಾಕಾರ, ಒಂದು ಸಂಕಲನ ಸಾಕು. ಕಿರಿಯ ತರಗತಿಯ ಬಾಲಕನೂ ಮಾಡಬಲ್ಲನು.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಸಂಗತಿ ಬೇರೆಯಾಗುತ್ತದೆ. "ಆಯತಾಕಾರದ ಒಂದು ನಿವೇಶನದ ಸುತ್ತಳತೆ 140 ಅಡಿ, ವಿಸ್ತೀರ್ಣ 1200 ಚದರಡಿ. ಅದರ ಉದ್ದ ಅಗಲಗಳೆಷ್ಟು?" ಈಗ ಕೂಡುವುದೂ ಗುಣಿಸುವುದೂ ಸಾಲದು. ತಿಳಿಯದ ಬಾಹುವಿಗೆ ಒಂದು ಹೆಸರನ್ನಿಟ್ಟು, ತಿಳಿದದ್ದೆಲ್ಲವನ್ನೂ ಆ ಹೆಸರಿನ ಮೂಲಕ ಹೇಳಬೇಕು. ನಮ್ಮ ದೇಶದ ಪ್ರಾಚೀನ ಗಣಿತಜ್ಞರು ತಿಳಿಯದ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು, ಅದರ ಮೊದಲ ಅಕ್ಷರವಾದ 'ಯಾ' ಎಂಬುದನ್ನು ಸಂಕೇತವಾಗಿ ಬಳಸುತ್ತಿದ್ದರು. ನಾವೂ ಇಲ್ಲಿ ಆ ಅಕ್ಷರವನ್ನೇ ಬಳಸೋಣ.

ಸುತ್ತಳತೆ 140 ಆದುದರಿಂದ ಉದ್ದ ಅಗಲಗಳೆರಡೂ ಕೂಡಿ 70. ಒಂದು ಬಾಹು 'ಯಾ' ಆದರೆ ಇನ್ನೊಂದು 70 − ಯಾ. ಇವೆರಡರ ಗುಣಲಬ್ಧ 1200. ಎಂದರೆ,

ಯಾ (70 − ಯಾ) = 1200

ಅಥವಾ, ಯಾ² − 70ಯಾ + 1200 = 0.

ಇದೇ ವರ್ಗಸಮೀಕರಣ. ತಿಳಿಯದ ರಾಶಿಯು ತನ್ನಿಂದ ತಾನೇ ಗುಣಿಸಲ್ಪಟ್ಟು, ವರ್ಗವಾಗಿ ಇದರಲ್ಲಿ ನಿಂತಿದೆ. ಇಂತಹ ಸಮೀಕರಣಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳಿರುತ್ತವೆ. ಕೇಳಿದ್ದು ಒಂದು ಪ್ರಶ್ನೆ. ಬಂದದ್ದು ಎರಡು ಉತ್ತರ. ಆ ಎರಡನೆಯದನ್ನು ಏನು ಮಾಡಬೇಕು? ಈ ಲೇಖನದ ವಿಷಯ ಅದೇ.

ಹಿಂದಿನ ಬೆಂಚಿನ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಕಾಲೇಜಿನ ಮೊದಲನೆಯ ವರ್ಷದ ತರಗತಿಯಲ್ಲಿ, ಭೌತವಿಜ್ಞಾನದ ಪಾಠಕ್ಕೆ ಮುನ್ನ ವಿದ್ಯಾರ್ಥಿಗಳಿಗೆ ಗಣಿತವನ್ನು ನೆನಪಿಸಲೆಂದು ನಾವು ಒಂದು ಸುಲಭವಾದ ಲೆಕ್ಕವನ್ನು ಹಲಗೆಯ ಮೇಲೆ ಬರೆದೆವು. ಒಂದು ಆಯತದ ಉದ್ದವು ಅಗಲಕ್ಕಿಂತ 4 ಅಡಿ ಹೆಚ್ಚು, ವಿಸ್ತೀರ್ಣ 60 ಚದರಡಿ, ಅಗಲವೆಷ್ಟು? ಅಗಲ 'ಯಾ' ಎಂದಿಟ್ಟರೆ ಯಾ (ಯಾ + 4) = 60. ಇದಕ್ಕೆ ಉತ್ತರ 6 ಅಥವಾ −10. ಅಗಲವು ಋಣಸಂಖ್ಯೆಯಾಗಲಾರದೆಂದು ಹೇಳಿ ನಾವು −10ರ ಮೇಲೆ ಒಂದು ಗೆರೆ ಎಳೆದೆವು. ನಮ್ಮ ಅಧ್ಯಾಪಕರೂ ಹಾಗೆಯೇ ಎಳೆದಿದ್ದರು. ಅವರ ಅಧ್ಯಾಪಕರೂ ಹಾಗೆಯೇ ಎಳೆದಿರಬೇಕು.

ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತನು. "ಸಾರ್, ಅಗಲ ಆರು ಆದರೆ ಉದ್ದ ಹತ್ತು. ನೀವು ಹೊಡೆದುಹಾಕಿದ್ದೂ ಹತ್ತೇ. ಅದು ಏನೂ ಅರ್ಥವಿಲ್ಲದ ಸಂಖ್ಯೆಯಾದರೆ, ಸರಿಯಾಗಿ ಹತ್ತೇ ಹೇಗೆ ಬಂತು?"

"ಉದ್ದವು ಋಣವಾಗಲಾರದಪ್ಪ" ಎಂದು ನಾವು ಮತ್ತೊಮ್ಮೆ ಹೇಳಿದೆವು. ಅವನು ಕುಳಿತನು; ಆದರೆ ಅವನಿಗೆ ಸಮಾಧಾನವಾಗಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಿರಲಿಲ್ಲ. ಅವನು ಕೇಳಿದ್ದು 'ಏಕೆ ಬಿಟ್ಟಿರಿ' ಎಂದಲ್ಲ, 'ಏಕೆ ಬಂತು' ಎಂದು. ಎರಡೂ ಬೇರೆ ಬೇರೆ ಪ್ರಶ್ನೆಗಳು. ಅಂದಿನ ಪಾಠ ಮುಂದುವರಿಯಿತು. ಆ ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂತು.

ಚೌಕವನ್ನು ತುಂಬುವುದು

ಉತ್ತರ ಹುಡುಕುವ ಮೊದಲು, ಈ ಎರಡು ಬೆಲೆಗಳು ಹುಟ್ಟುವುದು ಎಲ್ಲಿ ಎಂಬುದನ್ನು ನೋಡಬೇಕು. ವರ್ಗಸಮೀಕರಣವು ಹುಟ್ಟಿದ್ದೇ ರೇಖಾಚಿತ್ರದಿಂದ. ಸುಮಾರು 3700 ವರ್ಷಗಳ ಹಿಂದೆ ಬ್ಯಾಬಿಲೋನಿಯದ ಲೆಕ್ಕಿಗರು ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಇಂತಹ ಲೆಕ್ಕಗಳನ್ನು ಕೊರೆದಿಟ್ಟಿದ್ದಾರೆ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿರುವ ಒಂದು ಹಲಗೆಯ ಮೊದಲನೆಯ ಲೆಕ್ಕವೇ ಹೀಗಿದೆ: ಒಂದು ಚೌಕದ ವಿಸ್ತೀರ್ಣವನ್ನೂ ಬಾಹುವನ್ನೂ ಕೂಡಿದರೆ ಮುಕ್ಕಾಲು, ಬಾಹುವೆಷ್ಟು? ಉತ್ತರ ಅರ್ಧ.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಎಂಬ ವಿದ್ವಾಂಸನು ಈ ಕೆಲಸವನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದನು. ಬೀಜಗಣಿತಕ್ಕೆ 'ಆಲ್ಜೀಬ್ರ' ಎಂಬ ಹೆಸರು ಬಂದುದು ಅವನ ಗ್ರಂಥದ ಹೆಸರಿನಿಂದಲೇ. ಅವನ ಉದಾಹರಣೆ ಇದು: ಒಂದು ಚೌಕಕ್ಕೆ ಅದರ ಬಾಹುವಿನ ಹತ್ತರಷ್ಟನ್ನು ಸೇರಿಸಿದರೆ 39. ಮರಳಿನ ಮೇಲೆ ಒಂದು ಚೌಕವನ್ನು ಬರೆಯಿರಿ. ಬಾಹುವಿನ ಹತ್ತರಷ್ಟನ್ನು ನಾಲ್ಕು ಸಮಪಾಲು ಮಾಡಿ, ಎರಡೂವರೆ ಅಗಲದ ನಾಲ್ಕು ಪಟ್ಟಿಗಳಾಗಿ ಚೌಕದ ನಾಲ್ಕು ಬದಿಗೆ ಅಂಟಿಸಿರಿ. ಈ ಚಿತ್ರದ ವಿಸ್ತೀರ್ಣ 39. ನಾಲ್ಕು ಮೂಲೆಗಳಲ್ಲಿ ಮಾತ್ರ ಎರಡೂವರೆ ಬಾಹುವಿನ ನಾಲ್ಕು ಚಿಕ್ಕ ಚೌಕಗಳು ಖಾಲಿ ಉಳಿಯುತ್ತವೆ. ಒಂದೊಂದರ ವಿಸ್ತೀರ್ಣ ಆರೂಕಾಲು. ನಾಲ್ಕೂ ಕೂಡಿ 25. ಅವನ್ನು ತುಂಬಿದರೆ ದೊಡ್ಡ ಚೌಕವು ಪೂರ್ಣವಾಗುತ್ತದೆ; ಅದರ ವಿಸ್ತೀರ್ಣ 39 + 25 = 64; ಬಾಹು 8. ಎರಡು ಬದಿಯ ಪಟ್ಟಿಗಳ ಅಗಲ 5ನ್ನು ಕಳೆದರೆ ಉಳಿಯುವುದು 3. ಅದೇ ಉತ್ತರ.

ನಮ್ಮ ದೇಶದಲ್ಲಿ ಈ ಕ್ರಮಕ್ಕೆ ಒಂದು ಅಚ್ಚುಕಟ್ಟಾದ ಸೂತ್ರವನ್ನು ಕೊಟ್ಟವನು ಶ್ರೀಧರಾಚಾರ್ಯ. ಅವನ ಬೀಜಗಣಿತ ಗ್ರಂಥ ಈಗ ದೊರೆಯುವುದಿಲ್ಲ. ಭಾಸ್ಕರಾಚಾರ್ಯನು ಅದನ್ನು ಉದಾಹರಿಸಿರುವುದರಿಂದ ಸೂತ್ರ ಉಳಿದುಬಂದಿದೆ. ಎರಡು ಪಕ್ಷಗಳನ್ನೂ ವರ್ಗದ ಗುಣಕದ ನಾಲ್ಕರಷ್ಟರಿಂದ ಗುಣಿಸು. ಅವ್ಯಕ್ತದ ಗುಣಕದ ವರ್ಗವನ್ನು ಎರಡು ಕಡೆಗೂ ಸೇರಿಸು. ಬಳಿಕ ವರ್ಗಮೂಲವನ್ನು ತೆಗೆ ಎಂಬುದು ಅದರ ಸಾರ. ನಮ್ಮ ನಿವೇಶನದ ಸಮೀಕರಣಕ್ಕೆ ಇದನ್ನು ಹೊಂದಿಸಿದರೆ,

4ಯಾ² − 280ಯಾ = −4800

4ಯಾ² − 280ಯಾ + 4900 = 100

(2ಯಾ − 70)² = 100.

ಎರಡು ಉತ್ತರಗಳು ಹುಟ್ಟುವ ಸ್ಥಳ ಇದೇ. ಯಾವುದರ ವರ್ಗ 100? ಹತ್ತರ ವರ್ಗ ನೂರು. ಋಣ ಹತ್ತರ ವರ್ಗವೂ ನೂರು. ವರ್ಗ ಮಾಡಿದೊಡನೆ ಧನ ಋಣಗಳ ಭೇದ ಅಳಿಸಿಹೋಗುವುದು. ಹಿಂದಿರುಗಿ ಬರುವಾಗ ನಾವು ಯಾವ ದಾರಿಯಿಂದ ಬಂದೆವೆಂಬುದು ಸಮೀಕರಣಕ್ಕೆ ತಿಳಿಯದು. ಅದು ಎರಡು ದಾರಿಗಳನ್ನೂ ತೋರಿಸಿ ಸುಮ್ಮನಾಗುತ್ತದೆ. 2ಯಾ − 70 ಎಂಬುದು 10 ಆದರೆ ಯಾ = 40; −10 ಆದರೆ ಯಾ = 30.

ಇಲ್ಲಿ ತೊಡಕಿಲ್ಲ. ಎರಡು ಉತ್ತರಗಳೂ ಒಂದೇ ನಿವೇಶನವನ್ನು ಹೇಳುತ್ತಿವೆ. 'ಯಾ' ಎಂದರೆ ಉದ್ದವೋ ಅಗಲವೋ ನಾವು ಹೇಳಿರಲಿಲ್ಲ. ಆದುದರಿಂದ ಸಮೀಕರಣವು ಎರಡನ್ನೂ ಕೊಟ್ಟಿತು. ಭಾಸ್ಕರನು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಇದರ ಸೋದರ ಲೆಕ್ಕವೊಂದಿದೆ. ಲಂಬಕೋನ ತ್ರಿಭುಜದ ಕರ್ಣ 17, ಉಳಿದೆರಡು ಬಾಹುಗಳ ಮೊತ್ತ 23, ಬಾಹುಗಳೆಷ್ಟು? ಉತ್ತರ 8 ಮತ್ತು 15. ಸಮೀಕರಣದ ಎರಡು ಮೂಲಗಳೇ ತ್ರಿಭುಜದ ಎರಡು ಬಾಹುಗಳಾಗಿ ನಿಂತಿವೆ.

ಅದೇ ಗ್ರಂಥದ ಮುರಿದ ಬಿದಿರಿನ ಲೆಕ್ಕವನ್ನು ಇದರೊಡನೆ ಹೋಲಿಸಿ ನೋಡಬಹುದು. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲವನ್ನು ಮುಟ್ಟಿತು. ಮುರಿದುದು ಎಷ್ಟು ಎತ್ತರದಲ್ಲಿ? ನಿಂತಿರುವ ಭಾಗ 'ಯಾ' ಆದರೆ ಬಾಗಿದ ಭಾಗ 32 − ಯಾ, ಅದೇ ಕರ್ಣ. ಯಾ² + 256 = (32 − ಯಾ)². ನೋಟಕ್ಕೆ ಇದೂ ವರ್ಗಸಮೀಕರಣವೇ. ಆದರೆ ಎರಡು ಕಡೆಯ ಯಾ² ಒಂದನ್ನೊಂದು ಹೊಡೆದುಹಾಕಿ, 64ಯಾ = 768 ಎಂದು ಉಳಿಯುತ್ತದೆ. ಯಾ = 12. ವರ್ಗವು ಅಳಿದುಹೋದೊಡನೆ ಎರಡನೆಯ ಉತ್ತರವೂ ಅಳಿದುಹೋಯಿತು.

ಋಣವೆಂದರೆ ದಿಕ್ಕು

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. −10 ಎಂಬುದು ಎಲ್ಲಿಂದ ಬಂತು?

ನಮಗೆ ಸುಳಿವು ಸಿಕ್ಕಿದ್ದು 'ಲೀಲಾವತಿ'ಯಲ್ಲಿಯೇ. ಅಲ್ಲಿ ಒಂದು ತ್ರಿಭುಜದ ಲೆಕ್ಕವಿದೆ. ಎರಡು ಬಾಹುಗಳು 10 ಮತ್ತು 17, ಭೂಮಿ 9. ಶೃಂಗದಿಂದ ಭೂಮಿಗೆ ಲಂಬವನ್ನು ಇಳಿಸಿದರೆ ಭೂಮಿಯು ಎರಡು ತುಂಡಾಗಬೇಕಷ್ಟೆ. ಲೆಕ್ಕ ಮಾಡಿದರೆ ಒಂದು ತುಂಡು 15, ಇನ್ನೊಂದು −6 ಎಂದು ಬರುತ್ತದೆ. ಒಂಬತ್ತು ಅಳತೆಯ ಭೂಮಿಯಲ್ಲಿ ಹದಿನೈದರ ತುಂಡು! ಭಾಸ್ಕರನು ಇದನ್ನು ಕಂಡು ಬೆದರಲಿಲ್ಲ. ಋಣವೆಂದರೆ ವಿರುದ್ಧ ದಿಕ್ಕಿನಲ್ಲಿದೆ ಎಂದರ್ಥ ಎಂದು ವಿವರಿಸಿದನು. ಚಿತ್ರ ಬರೆದು ನೋಡಿದರೆ ಲಂಬವು ತ್ರಿಭುಜದ ಹೊರಗೆ, ಭೂಮಿಯನ್ನು ಒಂದು ಕಡೆಗೆ 6ರಷ್ಟು ಬೆಳೆಸಿದ ಸ್ಥಳದಲ್ಲಿ ಬೀಳುತ್ತದೆ. ಲಂಬದ ಉದ್ದ 8. ಹತ್ತರ ವರ್ಗದಿಂದ ಆರರ ವರ್ಗವನ್ನು ಕಳೆದರೂ 64. ಹದಿನೇಳರ ವರ್ಗದಿಂದ ಹದಿನೈದರ ವರ್ಗವನ್ನು ಕಳೆದರೂ 64. ಚಿತ್ರವು ಸರಿಯಾಗಿಯೇ ಇದೆ. ತಪ್ಪಿದ್ದು, ಲಂಬವು ಒಳಗೇ ಬೀಳಬೇಕೆಂಬ ನಮ್ಮ ಊಹೆ.

ಈ ಬೆಳಕಿನಲ್ಲಿ ನಮ್ಮ ಆಯತವನ್ನು ಮತ್ತೆ ನೋಡಿದೆವು. ಒಂದು ಮೂಲೆಯಲ್ಲಿ ನಿಂತು ಬಲಗಡೆಗೆ ಅಗಲವನ್ನೂ ಮುಂದಕ್ಕೆ ಉದ್ದವನ್ನೂ ಅಳೆಯುತ್ತೇವೆಂದು ತಿಳಿಯೋಣ. ಅಗಲ −10 ಎಂದರೆ ಎಡಗಡೆಗೆ ಹತ್ತಡಿ. ಉದ್ದವು ಅದಕ್ಕಿಂತ 4 ಹೆಚ್ಚು, ಎಂದರೆ −6, ಹಿಂದಕ್ಕೆ ಆರಡಿ. ಎರಡರ ಗುಣಲಬ್ಧ 60. ಉದ್ದದಿಂದ ಅಗಲವನ್ನು ಕಳೆದರೆ 4. ನಾವು ವಿಧಿಸಿದ ಎರಡು ನಿಬಂಧನೆಗಳೂ ಅಕ್ಷರಶಃ ನೆರವೇರಿದವು! ಎದುರು ಮೂಲೆಯಲ್ಲಿ ನಿಂತಿರುವುದು ಹತ್ತಡಿ ಆರಡಿಗಳ ಅದೇ ಆಯತ. ಅಗಲ ಉದ್ದಗಳು ತಮ್ಮ ಹೆಸರುಗಳನ್ನು ಅದಲುಬದಲು ಮಾಡಿಕೊಂಡಿವೆ, ಅಷ್ಟೆ. ಆ ಸಂಖ್ಯೆ ಸರಿಯಾಗಿ ಹತ್ತೇ ಆಗಿದ್ದುದು ಆಕಸ್ಮಿಕವಲ್ಲ.

ಎಂದರೆ −10ನ್ನು ನಿವೇಶನದ ಅಗಲವಾಗಿ ಸ್ವೀಕರಿಸಬೇಕೆಂದಲ್ಲ. ಬೇಲಿ ಹಾಕುವವನಿಗೆ ಅದು ಬೇಡ. ಅವನಿಗೆ 6 ಸಾಕು. ಆದರೆ 'ಬೇಡ' ಎನ್ನುವುದು ಬೇರೆ, 'ಅರ್ಥವಿಲ್ಲ' ಎನ್ನುವುದು ಬೇರೆ.

ವೃತ್ತದ ಲೆಕ್ಕವೊಂದರಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ವ್ಯಾಸ 10 ಇರುವ ವೃತ್ತದಲ್ಲಿ 6 ಉದ್ದದ ಜ್ಯಾ ಒಂದಿದೆ. ಜ್ಯಾದ ಮಧ್ಯದಿಂದ ಕಮಾನಿನ ಮಧ್ಯದವರೆಗಿನ ದೂರಕ್ಕೆ ಶರವೆಂದು ಹೆಸರು. ಬಿಲ್ಲಿಗೆ ಹೂಡಿದ ಬಾಣದಂತೆ ಕಾಣುವುದರಿಂದ ಆ ಹೆಸರು ಬಂದಿದೆ. ಶರವೆಷ್ಟೆಂದು 'ಲೀಲಾವತಿ' ಕೇಳುತ್ತದೆ. ವ್ಯಾಸವನ್ನು ಜ್ಯಾವು ಎರಡು ತುಂಡು ಮಾಡುವುದಷ್ಟೆ; ಆ ತುಂಡುಗಳ ಗುಣಲಬ್ಧವು ಅರ್ಧಜ್ಯಾದ ವರ್ಗಕ್ಕೆ ಸಮ. ಆದುದರಿಂದ ಯಾ (10 − ಯಾ) = 9. ಗ್ರಂಥದ ಉತ್ತರ 1. ಸಮೀಕರಣವು 9ನ್ನೂ ಕೊಡುತ್ತದೆ. ಒಂಬತ್ತು ತಪ್ಪೇ? ಜ್ಯಾವು ವೃತ್ತವನ್ನು ಎರಡು ಕಮಾನುಗಳಾಗಿ ಸೀಳುತ್ತದೆ. ಚಿಕ್ಕದರ ಶರ 1, ದೊಡ್ಡದರ ಶರ 9. ನಾವು ನೋಡುತ್ತಿದ್ದುದು ಒಂದು ಕಮಾನನ್ನು; ಸಮೀಕರಣವು ನೋಡಿದ್ದು ಇಡೀ ವೃತ್ತವನ್ನು.

ಧನವಾದರೂ ಸಲ್ಲದ ಉತ್ತರ

ಋಣಸಂಖ್ಯೆ ಬಂದರೆ ಹೊಡೆದುಹಾಕು, ಧನಸಂಖ್ಯೆ ಬಂದರೆ ಇಟ್ಟುಕೊ ಎಂಬ ನಿಯಮವನ್ನು ಅನೇಕ ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಇದು ಎಷ್ಟು ಅಪಾಯಕರವೆಂಬುದನ್ನು ನಮ್ಮ ಮೂವತ್ತು ನಲವತ್ತರ ನಿವೇಶನವೇ ತೋರಿಸಿಕೊಡುವುದು. ಅದರಲ್ಲಿ ನಾಲ್ಕು ಕಡೆಯೂ ಒಂದೇ ಸಮನಾಗಿ ಜಾಗ ಬಿಟ್ಟು, ನಡುವೆ ಸರಿಯಾಗಿ ಅರ್ಧ ನಿವೇಶನದಷ್ಟು, ಎಂದರೆ 600 ಚದರಡಿಯಲ್ಲಿ ಮನೆ ಕಟ್ಟಬೇಕು. ಬಿಡಬೇಕಾದ ಜಾಗದ ಅಗಲವೆಷ್ಟು? ಆ ಅಗಲ 'ಯಾ' ಆದರೆ ಮನೆಯ ಬಾಹುಗಳು 40 − 2ಯಾ ಮತ್ತು 30 − 2ಯಾ.

(40 − 2ಯಾ)(30 − 2ಯಾ) = 600

ಯಾ² − 35ಯಾ + 150 = 0.

ಉತ್ತರಗಳು 5 ಮತ್ತು 30. ಎರಡೂ ಧನ, ಎರಡೂ ಪೂರ್ಣಾಂಕ. ಐದಡಿ ಬಿಟ್ಟರೆ ಮನೆಯ ಅಳತೆ 30ಕ್ಕೆ 20, ವಿಸ್ತೀರ್ಣ 600. ಸರಿಹೋಯಿತು. ಆದರೆ ಮೂವತ್ತಡಿ ಅಗಲದ ನಿವೇಶನದಲ್ಲಿ ಎರಡೂ ಬದಿಗೆ ಮೂವತ್ತು ಮೂವತ್ತು ಅಡಿ ಬಿಡುವುದು ಹೇಗೆ? ಬೆಲೆಯನ್ನು ಇಟ್ಟು ನೋಡಿದರೆ ಗುಟ್ಟು ಹೊರಬೀಳುತ್ತದೆ. 40 − 60 = −20; 30 − 60 = −30; ಇವೆರಡರ ಗುಣಲಬ್ಧ 600! ಎದುರುಬದುರಿನ ಗೋಡೆಗಳು ಒಂದನ್ನೊಂದು ದಾಟಿ ಆಚೆಗೆ ಹೋಗಿ, ಮನೆಯು ಒಳಹೊರಗಾಗಿ ಮಗುಚಿಕೊಂಡಿದೆ. ಎರಡು ಋಣಗಳು ಸೇರಿ ಧನವಾದುದರಿಂದ ಸಮೀಕರಣಕ್ಕೆ ಈ ಅನಾಹುತ ಕಾಣಲಿಲ್ಲ. ಅದನ್ನು ಕಾಣಬೇಕಾದವರು ನಾವು. ಯಾ ಎಂಬುದು 15ಕ್ಕಿಂತ ಕಡಮೆಯಿರಬೇಕೆಂಬ ನಿಬಂಧನೆ ಚಿತ್ರದಲ್ಲಿತ್ತು. ಸಮೀಕರಣದಲ್ಲಿ ನಾವು ಬರೆದಿರಲಿಲ್ಲ.

ಭಾಸ್ಕರನ 'ಬೀಜಗಣಿತ'ದಲ್ಲಿ ಇಂತಹುದೇ ಇನ್ನೊಂದು ಎಚ್ಚರಿಕೆ ಇದೆ. ಹಿಂದಿನ ಕಾಲದಲ್ಲಿ ಹೊತ್ತನ್ನು ತಿಳಿಯಲು 12 ಅಂಗುಲದ ಶಂಕುವನ್ನು ನೆಲದಲ್ಲಿ ನಿಲ್ಲಿಸಿ ಅದರ ನೆರಳನ್ನು ಅಳೆಯುತ್ತಿದ್ದರು. ಶಂಕು, ನೆರಳು ಇವೆರಡೂ ಲಂಬಕೋನದ ಬಾಹುಗಳು. ಶಂಕುವಿನ ತುದಿಯಿಂದ ನೆರಳಿನ ತುದಿಗೆ ಎಳೆದ ರೇಖೆಯೇ ಕರ್ಣ. ನೆರಳಿನಿಂದ ಕರ್ಣದ ಮೂರನೆಯ ಒಂದು ಪಾಲನ್ನು ಕಳೆದರೆ 14 ಅಂಗುಲ ಉಳಿಯುತ್ತದೆ, ನೆರಳೆಷ್ಟು? ನೆರಳು 'ಯಾ' ಆದರೆ ಕರ್ಣವು 3ಯಾ − 42. ಕರ್ಣದ ವರ್ಗವು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮವಾದುದರಿಂದ,

(3ಯಾ − 42)² = ಯಾ² + 144

2ಯಾ² − 63ಯಾ + 405 = 0.

ಉತ್ತರಗಳು 22½ ಮತ್ತು 9. ಮೊದಲನೆಯದು ಸರಿ, ಆಗ ಕರ್ಣ 25½, ಅದರ ಮೂರನೆಯ ಪಾಲು 8½, ಕಳೆದರೆ 14. ಎರಡನೆಯದನ್ನು ಭಾಸ್ಕರನು ಸಲ್ಲದೆಂದು ಬಿಟ್ಟಿದ್ದಾನೆ. ಒಂಬತ್ತು ಧನಸಂಖ್ಯೆಯೇ, ಒಂಬತ್ತಂಗುಲದ ನೆರಳು ಬೀಳುವುದೂ ಉಂಟು. ಆದರೆ ಆಗ ಕರ್ಣವು 15, ಅದರ ಮೂರನೆಯ ಪಾಲು 5. ಒಂಬತ್ತರಿಂದ ಐದನ್ನು ಕಳೆದರೆ 4, ಹದಿನಾಲ್ಕಲ್ಲ.

ಹಾಗಾದರೆ ಈ ಒಂಬತ್ತು ಎಲ್ಲಿಂದ ನುಸುಳಿತು? ವಾಚಕರು ಕಳೆಯುವ ಬದಲು ಕೂಡಿ ನೋಡಲಿ: 9 + 5 = 14! ನೆರಳಿಗೆ ಕರ್ಣದ ಮೂರನೆಯ ಪಾಲನ್ನು ಕೂಡಿದರೆ 14 ಎಂಬ ನೆರೆಮನೆಯ ಲೆಕ್ಕಕ್ಕೆ ಅದು ಸರಿಯುತ್ತರ. ವರ್ಗ ಮಾಡಿದಾಗ ಕೂಡುವುದಕ್ಕೂ ಕಳೆಯುವುದಕ್ಕೂ ಇದ್ದ ಭೇದ ಅಳಿಸಿಹೋಗಿ, ಎರಡು ಮನೆಗಳಿಗೂ ಒಂದೇ ಬಾಗಿಲಾಯಿತು.

ಹೀಗೆಂದು ಭಾಸ್ಕರನು ಎರಡನೆಯ ಮೂಲವನ್ನು ಯಾವಾಗಲೂ ಬಿಡುವವನಲ್ಲ. ಅದೇ ಗ್ರಂಥದ ಕಪಿಗಳ ಲೆಕ್ಕದಲ್ಲಿ, ಗುಂಪಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿದ್ದು, ಉಳಿದ 12 ಬೆಟ್ಟದ ಮೇಲಿದ್ದರೆ ಗುಂಪು ಎಷ್ಟೆಂಬುದಕ್ಕೆ 48, 16 ಎಂಬ ಎರಡು ಉತ್ತರಗಳನ್ನೂ ಅವನು ಒಪ್ಪಿದ್ದಾನೆ. ಅವನ ಬಳಿ ಇದ್ದುದು ಒಂದೇ ಪರೀಕ್ಷೆ: ಬಂದ ಬೆಲೆಯನ್ನು ಸಮಸ್ಯೆಯ ಮಾತಿಗೆ ಹಿಂದಿರುಗಿಸಿ ಹೊಂದುವುದೇ ನೋಡುವುದು.

ಉತ್ತರವೇ ಇಲ್ಲದಿದ್ದರೆ

ಇದುವರೆಗೆ ಎರಡು ಉತ್ತರಗಳ ಮಾತಾಯಿತು. ಒಂದೂ ಇಲ್ಲದ ಸಂದರ್ಭವೂ ಉಂಟು. ಅದು ನಿತ್ಯಜೀವನದಲ್ಲಿ ಎಷ್ಟು ಉಪಯುಕ್ತವಾಗಬಲ್ಲುದೆಂಬುದಕ್ಕೆ ನಾವೇ ಸಾಕ್ಷಿ.

ನಮ್ಮ ಬೀದಿಯ ಹಿರಿಯರೊಬ್ಬರು ಒಂದು ಸಂಜೆ ಕಾಗದವೊಂದನ್ನು ಹಿಡಿದು ಬಂದರು. ಅವರು ಕೊಳ್ಳಬೇಕೆಂದಿದ್ದ ನಿವೇಶನದ ವಿವರ ಅದರಲ್ಲಿತ್ತು. ಆಯತಾಕಾರದ ನಿವೇಶನ, ಸುತ್ತಳತೆ 140 ಅಡಿ, ವಿಸ್ತೀರ್ಣ 1300 ಚದರಡಿ, ಬೆಲೆ ಚದರಡಿಗೆ ಇಷ್ಟು. ಉದ್ದ ಅಗಲಗಳನ್ನು ಬರೆದಿರಲಿಲ್ಲ. ಮನೆಯ ನಕ್ಷೆ ಬರೆಯಿಸಲು ಅವು ಬೇಕು, ಲೆಕ್ಕ ಹಾಕಿ ಹೇಳಿ ಎಂದರು. ನಾವು ಶ್ರೀಧರನ ಕ್ರಮದಲ್ಲಿ ಸಮೀಕರಣವನ್ನು ಬರೆದೆವು.

(2ಯಾ − 70)² = 4900 − 5200 = −300.

ಬಲಗಡೆ ಋಣಸಂಖ್ಯೆ. ಯಾವ ಉದ್ದದ ವರ್ಗವೂ ಋಣವಾಗಲಾರದು. ಕ್ರಿ.ಶ. 850ರ ಸುಮಾರಿನಲ್ಲಿ, ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಸ್ತುತಿಸಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನು ಇದನ್ನು ನೇರವಾಗಿಯೇ ಹೇಳಿದ್ದಾನೆ: ಋಣರಾಶಿಯು ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ. ಅವನ ಕಾಲದ ಆ ಮಾನ್ಯಖೇಟವೇ ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಋಣದ ವರ್ಗಮೂಲಕ್ಕೂ ಒಂದು ಅರ್ಥವನ್ನು ಕೊಟ್ಟು ಮುಂದಿನ ಗಣಿತಜ್ಞರು ಹೊಸ ಸಂಖ್ಯೆಗಳನ್ನು ಸೃಷ್ಟಿಸಿದರೆಂಬುದು ನಿಜ. ಆದರೆ ಆ ಸಂಖ್ಯೆಗಳಿಂದ ಬೇಲಿ ಹಾಕಲು ಬರುವುದಿಲ್ಲ.

"ಇಂತಹ ನಿವೇಶನ ಭೂಮಿಯ ಮೇಲೆ ಎಲ್ಲಿಯೂ ಇರಲಾರದು" ಎಂದು ನಾವು ಹೇಳಿದಾಗ ಹಿರಿಯರು ನಂಬಲಿಲ್ಲ. ಅಳೆಯದೆ ಹೇಗೆ ಹೇಳುವಿರಿ ಎಂದರು. ಅವರಿಗೆ ಹೀಗೆ ವಿವರಿಸಿದೆವು. ಎರಡು ಬಾಹುಗಳು ಕೂಡಿ 70. ಅವು ಸಮವಾಗಿದ್ದರೆ 35, 35; ವಿಸ್ತೀರ್ಣ 1225. ಒಂದನ್ನು ಒಂದಡಿ ಹೆಚ್ಚಿಸಿ ಇನ್ನೊಂದನ್ನು ಒಂದಡಿ ತಗ್ಗಿಸಿದರೆ 36, 34, ವಿಸ್ತೀರ್ಣ 1224. ಐದಡಿ ವ್ಯತ್ಯಾಸ ಮಾಡಿದರೆ 40, 30, ವಿಸ್ತೀರ್ಣ 1200. ಬಾಹುಗಳು ದೂರ ಸರಿದಷ್ಟೂ ವಿಸ್ತೀರ್ಣ ಕುಗ್ಗುತ್ತದೆ. ಆದುದರಿಂದ 140 ಅಡಿ ಸುತ್ತಳತೆಯ ಆಯತಕ್ಕೆ 1225 ಚದರಡಿಯೇ ಪರಮಾವಧಿ. 1300 ಬೇಕೆಂದರೆ ಬೇಲಿಯನ್ನು ಉದ್ದ ಮಾಡಬೇಕು, ಇಲ್ಲವೆ ಆಕಾರವನ್ನು ಬದಲಿಸಬೇಕು. ಅದೇ ಬೇಲಿಯನ್ನು ವೃತ್ತಾಕಾರವಾಗಿ ಸುತ್ತಿದರೆ ಸುಮಾರು 1560 ಚದರಡಿಯನ್ನು ಒಳಕೊಳ್ಳಬಹುದು. ಆದರೆ ಕಾಗದದಲ್ಲಿ ಆಯತವೆಂದು ಬರೆದಿದೆಯಲ್ಲ!

ಮರುದಿನ ಬೆಳಗ್ಗೆ ಟೇಪು ಹಿಡಿದು ಇಬ್ಬರೂ ಹೋಗಿ ಅಳೆದೆವು. ಮೂವತ್ತು, ನಲವತ್ತು. ಸುತ್ತಳತೆ ಸರಿಯಾಗಿತ್ತು, ವಿಸ್ತೀರ್ಣದಲ್ಲಿ ನೂರು ಚದರಡಿ ಹೆಚ್ಚು ಬರೆದಿದ್ದರು. ಕೈತಪ್ಪೋ ಬೇರೆ ಏನೋ, ನಾವು ವಿಚಾರಿಸಲು ಹೋಗಲಿಲ್ಲ. ಹಣ ಕೊಡುವ ಮೊದಲೇ ಕಾಗದವನ್ನು ತಿದ್ದಿದರು. ಹಿರಿಯರಿಗೆ ನೂರು ಚದರಡಿಯ ಬೆಲೆ ಉಳಿಯಿತು. ಶಾಲೆಯಲ್ಲಿ ಕಲಿತ ವರ್ಗಸಮೀಕರಣದಿಂದ ಜೀವನದಲ್ಲಿ ಏನು ಪ್ರಯೋಜನವೆಂದು ಯಾರಾದರೂ ಕೇಳಿದರೆ, ನಾವು ಅವರ ಮನೆಯ ವಿಳಾಸವನ್ನು ಕೊಡುತ್ತೇವೆ.

ಬಿಡದೆ ಉಳಿಸಿಕೊಂಡ ಮೂಲ

ನಾವು ಭೌತವಿಜ್ಞಾನದವರಾದುದರಿಂದ ನಮ್ಮ ಶಾಸ್ತ್ರದ ಒಂದು ಪ್ರಸಂಗವನ್ನು ಹೇಳದೆ ಮುಗಿಸಲಾರೆವು. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಚಲಿಸುತ್ತಿರುವ ಕಣದ ಶಕ್ತಿಯನ್ನು ಒಂದು ಲಂಬಕೋನ ತ್ರಿಭುಜದಿಂದ ತೋರಿಸಬಹುದು. ಒಂದು ಬಾಹು ನಿಶ್ಚಲ ಸ್ಥಿತಿಯಲ್ಲಿ ಕಣಕ್ಕಿರುವ ಶಕ್ತಿ. ಇನ್ನೊಂದು ಬಾಹು ಅದರ ಸಂವೇಗವನ್ನು ಬೆಳಕಿನ ವೇಗದಿಂದ ಗುಣಿಸಿದ ಬೆಲೆ. ಕರ್ಣವೇ ಒಟ್ಟು ಶಕ್ತಿ. ಸಿದ್ಧಾಂತವು ಕೊಡುವುದು ಕರ್ಣದ ವರ್ಗವನ್ನು. ಮೂಲವನ್ನು ತೆಗೆದರೆ ಇಲ್ಲಿಯೂ ಧನ, ಋಣ ಎಂಬ ಎರಡು ಬೆಲೆಗಳು. ಶಕ್ತಿಯು ಋಣವಾಗಲಾರದೆಂದು ಎರಡನೆಯದರ ಮೇಲೆ ಗೆರೆ ಎಳೆಯುವುದು ಸುಲಭ.

1928ರಲ್ಲಿ ಪಾಲ್ ಡಿರಾಕ್ ಎಂಬ ಇಂಗ್ಲಿಷ್ ವಿಜ್ಞಾನಿಯು ಎಲೆಕ್ಟ್ರಾನಿಗೆ ಹೊಸ ಸಮೀಕರಣವೊಂದನ್ನು ರಚಿಸಿದನು. ಅದರಲ್ಲಿಯೂ ಋಣಶಕ್ತಿಯ ಉತ್ತರಗಳು ಬಂದವು. ಅವುಗಳನ್ನು ಬಿಟ್ಟರೆ ಸಿದ್ಧಾಂತವೇ ಕುಂಟಾಗುತ್ತಿತ್ತು. ಅವುಗಳ ಅರ್ಥಕ್ಕಾಗಿ ಅವನು ಕೆಲವು ವರ್ಷ ತೊಳಲಾಡಿ, 1931ರಲ್ಲಿ ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ಆದರೆ ಧನ ವಿದ್ಯುದಂಶವುಳ್ಳ ಕಣವೊಂದು ಇರಬೇಕೆಂದು ಸೂಚಿಸಿದನು. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳನ್ನು ಪರೀಕ್ಷಿಸುತ್ತಿದ್ದಾಗ ಅಂತಹ ಕಣದ ಜಾಡನ್ನು ಕಂಡನು. ಅದಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ದೇಹದೊಳಗಿನ ಚಿತ್ರವನ್ನು ಪಡೆಯಲು ಬಳಸುವ ಪೆಟ್ ಸ್ಕ್ಯಾನ್ ಯಂತ್ರದ ಹೆಸರಿನ ಮೊದಲ ಅಕ್ಷರ ಈ ಪಾಸಿಟ್ರಾನಿನದೇ.

ಪ್ರತಿಯೊಂದು ಎರಡನೆಯ ಮೂಲದ ಹಿಂದೆಯೂ ಹೊಸ ಕಣವೊಂದು ಅಡಗಿರುವುದಿಲ್ಲ. ಮೂವತ್ತಡಿ ಜಾಗ ಬಿಟ್ಟ ಮನೆಯನ್ನು ಯಾವ ಮೇಸ್ತ್ರಿಯೂ ಕಟ್ಟಲಾರನು. ಆದರೆ ವಿಚಾರಣೆಯಿಲ್ಲದೆ ತಳ್ಳಿಹಾಕಿದರೆ, ಯಾವುದು ಯಾವುದೆಂದು ತಿಳಿಯುವ ಬಗೆಯೇ ಇಲ್ಲ.

ಈಗ ನಾವು ತರಗತಿಯಲ್ಲಿ ಎರಡನೆಯ ಉತ್ತರದ ಮೇಲೆ ಗೆರೆ ಎಳೆಯುವುದಿಲ್ಲ. ಅದರ ಸುತ್ತ ಒಂದು ಚೌಕ ಬರೆದು, ಕೆಳಗೆ ಒಂದು ಸಾಲು ಜಾಗ ಬಿಡುತ್ತೇವೆ. ಅದು ಏಕೆ ಸಲ್ಲದು, ಅಥವಾ ಏಕೆ ಸಲ್ಲುವುದು ಎಂಬುದನ್ನು ವಿದ್ಯಾರ್ಥಿಗಳು ಚಿತ್ರವನ್ನು ನೋಡಿ ಆ ಸಾಲಿನಲ್ಲಿ ಬರೆಯಬೇಕು. ಇದರಿಂದ ದಿನಕ್ಕೆ ಎರಡು ಲೆಕ್ಕ ಕಡಮೆಯಾಗುವುದುಂಟು. ಆ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಹೇಳಲು ನಮಗೆ ಒಂದು ವಾರ ಹಿಡಿಯಿತು. ಹಲಗೆಯ ಮೇಲೆ ಎದುರುಬದುರಾಗಿ ಎರಡು ಆಯತಗಳನ್ನು ಬರೆದು ತೋರಿಸಿದಾಗ ಅವನು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ಅದೂ ಸರಿಯೇ ಇತ್ತು ಸಾರ್" ಎಂದು ಹೇಳಿ ಕುಳಿತನು. ನಾವು ಹೌದೆಂದೆವು.